ರದ್ದಿಯಲ್ಲಿ ಸಿಕ್ಕ ನಕ್ಷೆ: ಹಾರುವ ಮಾದರಿ ವಿಮಾನ ಮಾಡುವ ಪಾಠ

ನಮ್ಮ ಚಾಚಾ ಗುಂಡ್ಲುಪೇಟೆಯಲ್ಲಿ ಗುಜರಿ ಅಂಗಡಿ ಇಟ್ಟಿದ್ದಾರೆ. ರಜೆಯಲ್ಲಿ ನಾನು ಅಲ್ಲಿ ಲೆಕ್ಕ ಬರೆಯಲು ಕೂರುತ್ತೇನೆ. ಕಬ್ಬಿಣಕ್ಕೆ ಒಂದು ದರ, ಬಾಟಲಿಗೆ ಒಂದು ದರ, ಪುಸ್ತಕ ಪತ್ರಿಕೆಗಳಿಗೆ ಒಂದು ದರ. ಕಳೆದ ಬೇಸಿಗೆಯಲ್ಲಿ ಊಟಿ ಕಡೆಯಿಂದ ಒಂದು ಮೂಟೆ ರದ್ದಿ ಬಂತು. ಅದರಲ್ಲಿ ‘ಏರೋಮಾಡೆಲರ್’ ಎಂಬ ಹಳೆಯ ಇಂಗ್ಲಿಷ್ ಪತ್ರಿಕೆಯ ಒಂದು ಸಂಚಿಕೆ ಇತ್ತು. ಒಳಗೆ ದೊಡ್ಡ ಹಾಳೆಯೊಂದನ್ನು ಮಡಚಿ ಇಟ್ಟಿದ್ದರು. ಬಿಡಿಸಿ ನೋಡಿದರೆ ಒಂದು ಪುಟ್ಟ ವಿಮಾನದ ನಕ್ಷೆ. ರೆಕ್ಕೆ ಎಷ್ಟು ಉದ್ದ, ಬಾಲ ಎಷ್ಟು ಅಗಲ, ಎಲ್ಲಿ ಅಂಟು, ಎಲ್ಲಿ ರಬ್ಬರ್, ಎಲ್ಲವೂ ಗೆರೆಗಳಲ್ಲಿ ಇತ್ತು.

ನನಗೆ ಇದು ಬೇಕು ಎಂದೆ. ಚಾಚಾ ಪತ್ರಿಕೆಯನ್ನು ತಕ್ಕಡಿಯಲ್ಲಿ ಹಾಕಿದರು. “ಇನ್ನೂರು ಗ್ರಾಂ. ಮೂರು ರೂಪಾಯಿ ಬರೆದುಕೋ ಬೇಟಾ” ಎಂದರು. ನನ್ನ ಹೆಸರಿಗೇ ಬರೆದುಕೊಂಡೆ.

ಆ ಮೂರು ರೂಪಾಯಿಯಿಂದ ಕಲಿತದ್ದನ್ನು ಇಲ್ಲಿ ಪಾಠದ ರೂಪದಲ್ಲಿ ಕೊಡುತ್ತಿದ್ದೇನೆ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಭೌತಶಾಸ್ತ್ರ ನನಗೆ ಎಸ್ಸೆಸ್ಸೆಲ್ಸಿಗೇ ಮುಗಿಯಿತು. “ಕಾಮರ್ಸ್‌ನವರಿಗೆ ವಿಮಾನ ಯಾಕೆ?” ಎಂದು ಗೆಳೆಯರು ನಕ್ಕರು. ಈ ಲೇಖನ ಓದಿದ ಮೇಲೆ ಅವರೇ ಉತ್ತರ ಹೇಳಲಿ.

ಹವ್ಯಾಸ ಪತ್ರಿಕೆ ಏನು ಮಾಡುತ್ತಿತ್ತು?

ಅಮೆರಿಕದಲ್ಲಿ ‘ಮಾಡೆಲ್ ಏರ್‌ಪ್ಲೇನ್ ನ್ಯೂಸ್’ ಪತ್ರಿಕೆ 1929ರಲ್ಲಿ ಆರಂಭವಾಯಿತು. ಇಂಗ್ಲೆಂಡಿನಲ್ಲಿ ‘ಏರೋಮಾಡೆಲರ್’ 1935ರಲ್ಲಿ ಬಂತು. ಇಂಥ ಪತ್ರಿಕೆಗಳಲ್ಲಿ ಓದುವುದಕ್ಕಿಂತ ಮಾಡುವುದಕ್ಕೇ ಹೆಚ್ಚು ಇರುತ್ತಿತ್ತು. ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಅದರ ಮೇಲೆಯೇ ಕಡ್ಡಿಗಳನ್ನು ಇಟ್ಟು ಅಂಟಿಸಬಹುದಿತ್ತು. ಮಾಡಿದವರು ಪತ್ರಿಕೆಗೆ ಕಾಗದ ಬರೆಯುತ್ತಿದ್ದರು. ಒಬ್ಬರ ವಿಮಾನ ಬಿದ್ದರೆ ಅದರಿಂದ ಇನ್ನೊಬ್ಬರು ಕಲಿಯುತ್ತಿದ್ದರು. ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ದಂಥ ಪತ್ರಿಕೆ ಶಾಲೆಯ ಮಕ್ಕಳಿಗೆ ವಿಜ್ಞಾನವನ್ನು ಕನ್ನಡದಲ್ಲೇ ತಲುಪಿಸಿತು.

ನಂತರ ಸಿದ್ಧ ಆಟಿಕೆಗಳು ಬಂದವು, ಮೊಬೈಲ್ ಬಂತು. ಮಾಡುವ ಬದಲು ಕೊಳ್ಳುವುದು ಸುಲಭವಾಯಿತು. ಈಗ ಹವ್ಯಾಸ ಮತ್ತೆ ಚಿಗುರಿದೆ. ಸಣ್ಣ ವಿದ್ಯುತ್ ಮೋಟಾರು, ಹಗುರ ಲಿಥಿಯಂ ಬ್ಯಾಟರಿ ಮತ್ತು ಫೋಮ್ ಹಾಳೆ ಸುಲಭವಾಗಿ ಸಿಗುತ್ತಿರುವುದರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಾದರಿ ವಿಮಾನ ಕಟ್ಟಿ ಸ್ಪರ್ಧೆಗೆ ಹೋಗುತ್ತಾರೆ. ಎನ್.ಸಿ.ಸಿ. ವಾಯುದಳದ ಕೆಡೆಟ್‌ಗಳಿಗೆ ಮಾದರಿ ವಿಮಾನ ತಯಾರಿಕೆ ತರಬೇತಿಯ ಭಾಗವೇ ಆಗಿದೆ. ಅಖಿಲ ಭಾರತ ವಾಯು ಸೈನಿಕ ಶಿಬಿರದಲ್ಲಿ ಅದಕ್ಕೆ ಸ್ಪರ್ಧೆಯೂ ಇರುತ್ತದೆ.

ಆಟಿಕೆಯಿಂದ ವಿಮಾನದವರೆಗೆ

ಮಾದರಿ ವಿಮಾನ ಮಕ್ಕಳ ಆಟ ಎಂದು ತಳ್ಳಿಹಾಕುವವರಿಗೆ ಒಂದು ಲೆಕ್ಕ ತೋರಿಸುತ್ತೇನೆ. ಆಲ್ಫಾನ್ಸ್ ಪೆನೊ ಎಂಬ ಫ್ರೆಂಚ್ ಯುವಕ 1871ರಲ್ಲಿ ಪ್ಯಾರಿಸ್‌ನ ಒಂದು ಉದ್ಯಾನದಲ್ಲಿ, ತಿರುಚಿದ ರಬ್ಬರಿನಿಂದ ಓಡುವ ಮಾದರಿ ವಿಮಾನ ಹಾರಿಸಿದ. ತೂಕ ಸುಮಾರು 16 ಗ್ರಾಂ. ಅದು 11 ಸೆಕೆಂಡಿನಲ್ಲಿ ಸುಮಾರು 40 ಮೀಟರ್ ಹಾರಿತು. ಮೂವತ್ತೆರಡು ವರ್ಷಗಳ ನಂತರ, 1903ರ ಡಿಸೆಂಬರ್ 17ರಂದು, ರೈಟ್ ಸಹೋದರರ ವಿಮಾನ ಮನುಷ್ಯನನ್ನು ಹೊತ್ತು ಮೊದಲ ಸಲ ಹಾರಿದ್ದು 12 ಸೆಕೆಂಡು, ದೂರ ಸುಮಾರು 37 ಮೀಟರ್. ಮೊದಲ ದಿನದ ಮೊದಲ ಹಾರಾಟದಲ್ಲಿ ದೊಡ್ಡ ವಿಮಾನ ಪೆನೊನ ಆಟಿಕೆಯಷ್ಟು ದೂರವೂ ಹೋಗಿರಲಿಲ್ಲ!

ಇವೆರಡಕ್ಕೂ ನಂಟಿದೆ. 1878ರಲ್ಲಿ ರೈಟ್ ಸಹೋದರರ ತಂದೆ ಮಕ್ಕಳಿಗೆ ರಬ್ಬರಿನಿಂದ ಮೇಲೇರುವ ಒಂದು ಆಟಿಕೆ ತಂದುಕೊಟ್ಟಿದ್ದರು. ಅದು ಪೆನೊನ ವಿನ್ಯಾಸದ್ದು. ದೊಡ್ಡವರಾದ ಮೇಲೆ ಅವರು 1901ರಲ್ಲಿ ಒಂದು ಪೆಟ್ಟಿಗೆಯೊಳಗೆ ಗಾಳಿ ಬೀಸುವಂತೆ ಮಾಡಿ, ಸುಮಾರು 200 ಪುಟ್ಟ ರೆಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು.

ನಮ್ಮ ರಾಜ್ಯದಲ್ಲೂ ಕೆಲಸ ಹೀಗೇ ನಡೆಯುತ್ತದೆ. ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಆರಂಭಿಸಿದರು. ಅದೇ ಇಂದಿನ ಎಚ್.ಎ.ಎಲ್. ಡಾ. ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ಅಲ್ಲಿ ವಿನ್ಯಾಸವಾದ ತರಬೇತಿ ವಿಮಾನ ಎಚ್.ಟಿ.-2 ಮೊದಲು ಹಾರಿದ್ದು 1951ರಲ್ಲಿ. ಇಂದಿಗೂ ಹೊಸ ವಿಮಾನದ ಸಣ್ಣ ಮಾದರಿಯನ್ನು ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆಯ ಗಾಳಿ ಸುರಂಗದಲ್ಲಿ ಪರೀಕ್ಷಿಸುತ್ತಾರೆ.

ನನ್ನ ಮೊದಲ ವಿಮಾನ ಏಕೆ ಬಿತ್ತು?

ನಕ್ಷೆಯಲ್ಲಿದ್ದ ಅಳತೆಗಳು ಇಂಚಿನಲ್ಲಿದ್ದವು. ಸೆಂಟಿಮೀಟರಿಗೆ ಬದಲಾಯಿಸಿದೆ. ‘ಬಾಲ್ಸಾ’ ಮರದ ಹಲಗೆ ಬೇಕು ಎಂದಿತ್ತು. ಅದು ಗುಂಡ್ಲುಪೇಟೆಯಲ್ಲೂ ಸಿಗಲಿಲ್ಲ, ಚಾಮರಾಜನಗರದಲ್ಲೂ ಸಿಗಲಿಲ್ಲ. ಮರ ಮರವೇ ಅಲ್ಲವೇ ಎಂದುಕೊಂಡು ಹಣ್ಣಿನ ಪೆಟ್ಟಿಗೆಯ ತೆಳು ಹಲಗೆಯನ್ನು ಕೊಯ್ದು ಅದೇ ಅಳತೆಗೆ ಕಟ್ಟಿದೆ. ನೋಡಲು ಬಹಳ ಚೆನ್ನಾಗಿತ್ತು. ಮಹಡಿಯ ಮೇಲಿಂದ ಎಸೆದೆ. ಕಲ್ಲಿನಂತೆ ನೇರ ಕೆಳಗೆ ಬಿತ್ತು. ಮೂತಿ ಮುರಿಯಿತು. ಅಬ್ಬ ಏನೂ ಹೇಳಲಿಲ್ಲ, ಪೊರಕೆ ತಂದುಕೊಟ್ಟರು.

ಕಾರಣ ಆಮೇಲೆ ತಿಳಿಯಿತು. ಬಾಲ್ಸಾ ದಕ್ಷಿಣ ಅಮೆರಿಕದ ಮರ. ಬಹುಪಾಲು ಈಕ್ವೆಡಾರ್ ದೇಶದಿಂದ ಬರುತ್ತದೆ. ಬೆಂಡಿನ ಹಾಗೆ ಹಗುರ, ಆದರೆ ಗಟ್ಟಿ. ಒಂದು ಘನ ಮೀಟರ್ ಬಾಲ್ಸಾ ಸುಮಾರು 160 ಕಿಲೋ ತೂಗಿದರೆ, ಅಷ್ಟೇ ತೇಗ ಸುಮಾರು 650 ಕಿಲೋ ತೂಗುತ್ತದೆ. ನಾನು ಆಕಾರವನ್ನು ನಕಲು ಮಾಡಿದ್ದೆ, ತೂಕವನ್ನು ಮರೆತಿದ್ದೆ. ವಸ್ತು ಬದಲಾದರೆ ನಕ್ಷೆಯೂ ಬದಲಾಗಬೇಕು. ಇದು ಮೊದಲ ಪಾಠ.

ಇನ್ನಷ್ಟು ಸಂಚಿಕೆಗಳಿದ್ದರೆ ನೋಡೋಣ ಎಂದು ಮರುವಾರ ಅಂಗಡಿಗೆ ಹೋದೆ. ಉಳಿದ ಮೂಟೆಯನ್ನು ಆಗಲೇ ಲಾರಿ ತೆಗೆದುಕೊಂಡು ಹೋಗಿತ್ತು. ಎಷ್ಟು ನಕ್ಷೆಗಳು ಕಾಗದದ ಕಾರ್ಖಾನೆಯಲ್ಲಿ ನೆನೆದು ರೊಟ್ಟಾದವೋ! ಆ ದಿನವೇ ನನ್ನಲ್ಲಿದ್ದ ಒಂದು ನಕ್ಷೆಯನ್ನು ನಮ್ಮ ಊರಿನಲ್ಲಿ ಸಿಗುವ ವಸ್ತುಗಳಿಗೆ ಹೊಂದಿಸಿ, ಕನ್ನಡದಲ್ಲಿ ಬರೆದಿಡಬೇಕು ಎಂದು ತೀರ್ಮಾನಿಸಿದೆ.

ಮೂರು ನಿಯಮಗಳು

1. ಸಮತೋಲ: ವಿಮಾನದ ಇಡೀ ತೂಕ ಒಂದು ಬಿಂದುವಿನಲ್ಲಿ ನಿಂತಂತೆ ಇರುತ್ತದೆ. ಅದೇ ಗುರುತ್ವ ಕೇಂದ್ರ. ಅದು ರೆಕ್ಕೆಯ ಅಗಲದಲ್ಲಿ ಮುಂದಿನ ಅಂಚಿನಿಂದ ಕಾಲು ಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ ಇರಬೇಕು. ಎರಡು ಬೆರಳುಗಳ ಮೇಲೆ ರೆಕ್ಕೆಯನ್ನು ಎತ್ತಿ ಹಿಡಿದರೆ ತಿಳಿಯುತ್ತದೆ.

2. ಬಾಲ: ಒಂಬತ್ತನೇ ಶತಮಾನದಲ್ಲಿ ಸ್ಪೇನಿನ ಕುರ್ತುಬಾದಲ್ಲಿ ಅಬ್ಬಾಸ್ ಇಬ್ನ್ ಫಿರ್ನಾಸ್ ಎಂಬ ವಿದ್ವಾಂಸರು ರೆಕ್ಕೆ ಕಟ್ಟಿಕೊಂಡು ಹಾರಲು ಯತ್ನಿಸಿದರೆಂದು ಇತಿಹಾಸಕಾರ ಅಲ್ ಮಕ್ಕರಿ 17ನೇ ಶತಮಾನದಲ್ಲಿ ಬರೆದಿದ್ದಾರೆ. ಅವರು ಸ್ವಲ್ಪ ದೂರ ಹಾರಿದರು, ಆದರೆ ಇಳಿಯುವಾಗ ಪೆಟ್ಟಾಯಿತು. ಹಕ್ಕಿ ಇಳಿಯುವುದು ಬಾಲದ ಸಹಾಯದಿಂದ. ಅವರು ಬಾಲ ಕಟ್ಟಿಕೊಂಡಿರಲಿಲ್ಲ ಎಂದೇ ಅಲ್ಲಿ ಕಾರಣ ಕೊಟ್ಟಿದೆ. ಬಾಲವು ಮೂತಿ ಮೇಲೆ ಕೆಳಗೆ ಓಲಾಡದಂತೆ ತಡೆಯುತ್ತದೆ. ನಮ್ಮ ಮಾದರಿಯಲ್ಲಿ ಬಾಲದ ವಿಸ್ತೀರ್ಣ ರೆಕ್ಕೆಯ ಕಾಲು ಭಾಗದಷ್ಟು ಇದ್ದರೆ ಸಾಕು.

3. ರೆಕ್ಕೆಯ ಮೇಲ್ಬಾಗು: ಎರಡೂ ರೆಕ್ಕೆಯ ತುದಿ ಸ್ವಲ್ಪ ಮೇಲೆದ್ದಿರಬೇಕು. ಗಾಳಿಗೆ ವಿಮಾನ ಒಂದು ಪಕ್ಕಕ್ಕೆ ವಾಲಿದರೆ ಇದು ಮತ್ತೆ ನೇರಕ್ಕೆ ತರುತ್ತದೆ.

ಮಾಡುವ ವಿಧಾನ

ಬೇಕಾದವು: ಒಂದು ದಪ್ಪ ಡ್ರಾಯಿಂಗ್ ಹಾಳೆ, ಗಾಳಿಪಟಕ್ಕೆ ಸೀಳುವಂಥ 30 ಸೆಂ.ಮೀ. ಬಿದಿರು ಕಡ್ಡಿ, ಕಡ್ಡಿ ಪೊರಕೆಯ ಎರಡು ಕಡ್ಡಿ, ರಬ್ಬರ್ ಬ್ಯಾಂಡ್, ಬಿಳಿ ಗೋಂದು, ಸ್ವಲ್ಪ ಜೇಡಿಮಣ್ಣು.

ರೆಕ್ಕೆ: 30 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ ಕತ್ತರಿಸಿ. ಹಾಳೆಯನ್ನು ಮೇಜಿನ ಅಂಚಿಗೆ ಮೆಲ್ಲಗೆ ಎಳೆದು ಮೇಲ್ಭಾಗ ಸ್ವಲ್ಪ ಉಬ್ಬುವಂತೆ ಮಾಡಿ. ಸರಿಯಾಗಿ ನಡುವೆ ಮಡಚಿ, ಪ್ರತಿ ತುದಿಯೂ ಸುಮಾರು 3 ಸೆಂ.ಮೀ. ಮೇಲೇಳುವಂತೆ ಇಡಿ. ಮುಂದಿನ ಅಂಚಿನ ಕೆಳಗೆ ಪೊರಕೆ ಕಡ್ಡಿಯ ಎರಡು ತುಂಡುಗಳನ್ನು ಅಂಟಿಸಿ. ರೆಕ್ಕೆಯ ನಡುವೆ, ಕೆಳಭಾಗದಲ್ಲಿ, ಹಿಂದೆ ಮುಂದೆ ಸ್ವಲ್ಪ ಚಾಚುವಂತೆ 8 ಸೆಂ.ಮೀ.ನ ಒಂದು ಕಡ್ಡಿ ಅಂಟಿಸಿ.

ಬಾಲ: 12 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ. ಬಿದಿರಿನ ಹಿಂದಿನ ತುದಿಗೆ ಸಮತಟ್ಟಾಗಿ ಅಂಟಿಸಿ. ಅದರ ನಡುವೆ 4 ಸೆಂ.ಮೀ. ಎತ್ತರದ ಒಂದು ತುಂಡನ್ನು ನೇರವಾಗಿ ನಿಲ್ಲಿಸಿ.

ಜೋಡಣೆ: ರೆಕ್ಕೆಯ ಮುಂದಿನ ಅಂಚು ಮೂತಿಯಿಂದ 8 ಸೆಂ.ಮೀ. ಹಿಂದೆ ಬರುವಂತೆ ಇಟ್ಟು, ಅದರ ಕಡ್ಡಿಯ ಎರಡು ತುದಿಗಳನ್ನು ಬಿದಿರಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಅಂಟಿಸಬೇಡಿ. ಇದನ್ನು ನಾನು ಕಲಿತದ್ದು ಬಸ್ಸಿನಲ್ಲಿ. ಎರಡನೇ ವಿಮಾನವನ್ನು ರೆಕ್ಕೆ ಸಮೇತ ಅಂಟಿಸಿ, ಬೆಳಿಗ್ಗೆಯ ಬಸ್ಸಿನಲ್ಲಿ ಚಾಮರಾಜನಗರಕ್ಕೆ ತರುವಾಗ ತೆರಕಣಾಂಬಿಯಲ್ಲಿ ಜನ ಹತ್ತಿದರು. ಕಾಲೇಜು ತಲುಪುವ ಹೊತ್ತಿಗೆ ನನ್ನ ಕೈಯಲ್ಲಿ ಬರೀ ಬಾಲ ಉಳಿದಿತ್ತು. ರಬ್ಬರಿನಿಂದ ಕಟ್ಟಿದರೆ ರೆಕ್ಕೆ ಬಿಚ್ಚಿ ಪುಸ್ತಕದೊಳಗೆ ಇಡಬಹುದು. ನೆಲಕ್ಕೆ ಬಡಿದಾಗ ರೆಕ್ಕೆ ಮುರಿಯದೆ ಕಳಚಿಕೊಳ್ಳುತ್ತದೆ. ಸಮತೋಲಕ್ಕಾಗಿ ಹಿಂದೆ ಮುಂದೆ ಸರಿಸಲೂ ಬರುತ್ತದೆ.

ಕೊನೆಗೆ ಮೂತಿಗೆ ಜೇಡಿಮಣ್ಣು ಮೆತ್ತಿ. ರೆಕ್ಕೆಯ ಮುಂದಿನ ಅಂಚಿನಿಂದ 2 ಸೆಂ.ಮೀ. ಹಿಂದೆ ಬೆರಳಿಟ್ಟು ಎತ್ತಿದಾಗ ವಿಮಾನ ಸಮವಾಗಿ ನಿಲ್ಲಬೇಕು. ನಿಲ್ಲುವವರೆಗೆ ಮಣ್ಣು ಹೆಚ್ಚು ಕಡಿಮೆ ಮಾಡಿ.

ಒಂದು ಎಚ್ಚರಿಕೆ: ಥರ್ಮಾಕೋಲ್ ಬಳಸುವುದಾದರೆ ತಕ್ಷಣ ಅಂಟುವ ಗೋಂದು ಹಾಕಬೇಡಿ, ಅದು ಥರ್ಮಾಕೋಲನ್ನೇ ಕರಗಿಸುತ್ತದೆ.

ಹಾರಿಸಿ ತಿದ್ದುವುದು

ಮೇಲಕ್ಕೆ ಎಸೆಯಬಾರದು. ಭುಜದ ಎತ್ತರದಿಂದ, ಮೂತಿ ತುಸು ಕೆಳಗೆ ಮಾಡಿ, ಮೆಲ್ಲಗೆ ನೇರವಾಗಿ ತಳ್ಳಬೇಕು.

ಮೂತಿ ಎತ್ತಿ, ನಿಂತು, ಧುಮುಕಿದರೆ: ಮೂತಿಗೆ ಸ್ವಲ್ಪ ಮಣ್ಣು ಸೇರಿಸಿ, ಇಲ್ಲವೇ ರೆಕ್ಕೆಯನ್ನು ತುಸು ಹಿಂದೆ ಸರಿಸಿ.

ನೇರ ನೆಲಕ್ಕೆ ನುಗ್ಗಿದರೆ: ಮಣ್ಣು ಕಡಿಮೆ ಮಾಡಿ, ಇಲ್ಲವೇ ಬಾಲದ ಹಿಂದಿನ ಅಂಚನ್ನು ಕೂದಲೆಳೆಯಷ್ಟು ಮೇಲಕ್ಕೆ ಬಗ್ಗಿಸಿ.

ಎಡಕ್ಕೆ ತಿರುಗಿದರೆ: ರೆಕ್ಕೆ ತಿರುಚಿಕೊಂಡಿದೆಯೇ ನೋಡಿ. ಸರಿಯಿದ್ದರೆ, ನೇರ ನಿಂತ ಬಾಲದ ಹಿಂದಿನ ಅಂಚನ್ನು ಸ್ವಲ್ಪ ಬಲಕ್ಕೆ ಬಗ್ಗಿಸಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಎರಡು ಮಾಡಿದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ. ಇಲ್ಲಿ ನಮ್ಮ ವಾಣಿಜ್ಯ ವಿಭಾಗ ಕೆಲಸಕ್ಕೆ ಬಂತು. ಜರ್ನಲ್ ಬರೆಯುವಂತೆ ಪ್ರತಿ ಎಸೆತಕ್ಕೂ ಒಂದು ಸಾಲು ಬರೆದೆ: ದಿನಾಂಕ, ಏನು ಬದಲಾಯಿಸಿದೆ, ಎಷ್ಟು ಹೆಜ್ಜೆ ಹಾರಿತು, ಹೇಗೆ ಬಿತ್ತು. ಅಕೌಂಟೆನ್ಸಿಯಲ್ಲಿ ನಷ್ಟವನ್ನು ಬಚ್ಚಿಡುವ ಹಾಗಿಲ್ಲ. ಇಲ್ಲಿಯೂ ಅಷ್ಟೇ. ಮೂರನೇ ವಿಮಾನ ಮೊದಲು ಮೂರು ಹೆಜ್ಜೆ ಹಾರಿತು. ಹತ್ತೊಂಬತ್ತನೇ ಸಾಲಿನಲ್ಲಿ ಹನ್ನೊಂದು ಹೆಜ್ಜೆ ಎಂದಿದೆ. ಆ ಪುಟ್ಟ ವಿಮಾನ ನಿಧಾನವಾಗಿ ತೇಲಿ ಹುಲ್ಲಿನ ಮೇಲೆ ಕೂತಾಗ ಆದ ಸಂತೋಷ ಯಾವ ಅಂಕಪಟ್ಟಿಯಲ್ಲೂ ನನಗೆ ಸಿಕ್ಕಿರಲಿಲ್ಲ.

ಅದರ ತೂಕ ಚಾಚಾನ ತಕ್ಕಡಿಗೆ ತಿಳಿಯಲೇ ಇಲ್ಲ. ನಮ್ಮ ಬೀದಿಯ ಚಿನ್ನದ ಅಂಗಡಿಯಲ್ಲಿ ತೂಗಿಸಿದೆ: 12 ಗ್ರಾಂ. ಹಣ್ಣಿನ ಪೆಟ್ಟಿಗೆಯ ವಿಮಾನ 64 ಗ್ರಾಂ ಇತ್ತು. ಖರ್ಚು: ಹಾಳೆ 10 ರೂ., ಗೋಂದು 10 ರೂ., ರಬ್ಬರ್ ಬ್ಯಾಂಡ್ 2 ರೂ., ಪತ್ರಿಕೆ 3 ರೂ. ಒಟ್ಟು 25 ರೂಪಾಯಿ. ಬಿದಿರು, ಪೊರಕೆ ಕಡ್ಡಿ, ಮಣ್ಣು ಮನೆಯಲ್ಲೇ ಇದ್ದವು.

ಎಲ್ಲಿ, ಯಾವಾಗ?

ಮಳೆಗಾಲದಲ್ಲಿ ನಮ್ಮ ಕಡೆ ಗಾಳಿ ಜೋರು. ಫಜ್ರ್ ನಮಾಜಿನ ನಂತರದ ಹೊತ್ತು ಗಾಳಿ ನಿಂತಿರುತ್ತದೆ, ಅದೇ ಒಳ್ಳೆಯ ಸಮಯ. ಮೈದಾನ ಸಾಕು. ರಸ್ತೆ ಬದಿ, ವಿದ್ಯುತ್ ತಂತಿಯ ಹತ್ತಿರ ಬೇಡ. ಬಂಡೀಪುರ ಕಾಡಿನ ಅಂಚಿನಲ್ಲಿ ಯಾವುದನ್ನೂ ಹಾರಿಸಬೇಡಿ. ರಿಮೋಟ್ ಡ್ರೋನ್ ಇಟ್ಟುಕೊಂಡವರು 2021ರ ಡ್ರೋನ್ ನಿಯಮಗಳನ್ನು ಓದಿಕೊಳ್ಳಿ.

ಕೊನೆಯ ಮಾತು

ಆ ಪತ್ರಿಕೆಗೆ ಕವರ್ ಹಾಕಿ ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಮೇಲಿನ ಅಳತೆಗಳ ನಕ್ಷೆಯನ್ನೂ ಕನ್ನಡದಲ್ಲಿ ಬರೆದು ಅದರೊಳಗೆ ಇಟ್ಟಿದ್ದೇನೆ. ಉರ್ದು ಶಾಲೆಯಲ್ಲಿ ಓದುವ ನನ್ನ ತಮ್ಮನಿಗಾಗಿ ಉರ್ದುವಿನಲ್ಲೂ ಒಂದು ಪ್ರತಿ ಬರೆಯುತ್ತಿದ್ದೇನೆ. ಹವ್ಯಾಸ ಪತ್ರಿಕೆಯನ್ನು ಬದುಕಿಸಿದ್ದು ಅದರ ನಕ್ಷೆ ಮಾತ್ರವಲ್ಲ, ಮಾಡಿ ನೋಡಿ ಕಾಗದ ಬರೆದ ಓದುಗರೂ ಹೌದು. ನಮ್ಮ ಈ ವಾರ್ತಾಪತ್ರಿಕೆಯೂ ಅಂಥ ಕೆಲಸ ಮಾಡಬಹುದು.

ಆದ್ದರಿಂದ ಗೆಳೆಯರೇ, ಒಂದು ವಿಮಾನ ಮಾಡಿ. ಹಾರಿದರೆ ಎಷ್ಟು ಹೆಜ್ಜೆ ಎಂದು ಬರೆದು ಕೊಡಿ. ಬಿದ್ದರೆ ಹೇಗೆ ಬಿತ್ತು ಎಂದು ಇನ್ನೂ ವಿವರವಾಗಿ ಬರೆದು ಕೊಡಿ. ಮುಂದಿನ ಸಂಚಿಕೆಯಲ್ಲಿ ಅವುಗಳನ್ನು ಪ್ರಕಟಿಸಿ ಎಂದು ಸಂಪಾದಕರಾದ ಉಪನ್ಯಾಸಕರನ್ನು ಕೇಳಿಕೊಳ್ಳೋಣ. ನಿಮ್ಮ ಮನೆಯ ಹಳೆಯ ಪತ್ರಿಕೆಗಳನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಿ. ಗುಜರಿ ಅಂಗಡಿಯ ಮನೆಯ ನಾನೇ ಇದನ್ನು ಹೇಳುತ್ತಿದ್ದೇನೆ. ಚಾಚಾ ಕೋಪಿಸಿಕೊಳ್ಳುವುದಿಲ್ಲ ಎಂದು ನಂಬಿದ್ದೇನೆ.