ಫಿಯಾನ್ಸೇ: ಒಂದು ‘ಇ’, ಎರಡು ‘ಇ’ (ಸಾಮಾನ್ಯ ಇಂಗ್ಲಿಷ್)

1. ಅರ್ಥ: ನಿಶ್ಚಿತಾರ್ಥವಾಗಿ ಇನ್ನೂ ಮದುವೆಯಾಗದವರು.

2. ಮೂಲ: ಫ್ರೆಂಚ್. ಬೇರು ಲ್ಯಾಟಿನ್‌ನ ‘ಫೀಡೆರೆ’ (ನಂಬು). ಕಾನ್ಫಿಡೆನ್ಸ್, ಫಿಡೆಲಿಟಿ ಇದೇ ಬಳಗ. ‘ಫೈನಾನ್ಸ್’ ಅಲ್ಲ, ಅದು ‘ಕೊನೆ, ತೀರುವಳಿ’ ಅರ್ಥದ ಬೇರೆ ಬೇರಿನದು. ನೋಟಕ್ಕೆ ಹತ್ತಿರವಾದ್ದರಿಂದ ಪರೀಕ್ಷೆಯ ಆಯ್ಕೆಗಳಲ್ಲಿ ತುರುಕುತ್ತಾರೆ.

3. ಸ್ಪೆಲಿಂಗ್ (ಮುಖ್ಯ):
• ಕೊನೆಗೆ ಒಂದು ‘ಇ’ = ನಿಶ್ಚಿತ ವರ
• ಎರಡು ‘ಇ’ = ನಿಶ್ಚಿತ ವಧು
• ಎರಡರಲ್ಲೂ ಓರೆಗೀಟು ‘ಸಿ’ ಪಕ್ಕದ ‘ಇ’ ಮೇಲೆ ಮಾತ್ರ; ಇಂಗ್ಲಿಷ್‌ನಲ್ಲಿ ಬಿಟ್ಟರೂ ನಡೆಯುತ್ತದೆ.
• ಉಚ್ಚಾರಣೆ ಒಂದೇ. ಕನ್ನಡ ಲಿಪಿಯಲ್ಲಿ ಬರೆದರೂ ವ್ಯತ್ಯಾಸ ಕಾಣದು.

4. ಎಡವುವ ಜಾಗ: ‘ರಾಧಾ ಇಂಟ್ರೊಡ್ಯೂಸ್ಡ್ ಹರ್ ____, ರವಿ’. ‘ಹರ್’ ಕಂಡ ಕೂಡಲೇ ಎರಡು ‘ಇ’ ಗುರುತು ಹಾಕುವವರೇ ಹೆಚ್ಚು. ‘ಹರ್’ ರಾಧೆಯನ್ನು ಹೇಳುತ್ತದೆ. ಬಿಟ್ಟ ಸ್ಥಳದಲ್ಲಿರುವವನು ರವಿ. ಉತ್ತರ: ಒಂದು ‘ಇ’.

5. ಇದೇ ಜಾತಿಯವು:
• ಪ್ರೊಟೆಜೇ (ಆಶ್ರಿತ/ಆಶ್ರಿತೆ): ಇದೇ ನಿಯಮ.
• ಬ್ಲಾಂಡ್: ಸ್ತ್ರೀಗೆ ಕೊನೆಯಲ್ಲಿ ‘ಇ’ ಸೇರುತ್ತದೆ.
• ನೇ: ಅರ್ಥ ‘ಹುಟ್ಟಿದ’; ಹುಟ್ಟು ಹೆಸರನ್ನು ಸೂಚಿಸುತ್ತದೆ. ಮದುವೆಯಾದ ಹೆಣ್ಣಿನ ತವರಿನ ಹೆಸರಿಗೆ ಎರಡು ‘ಇ’. ಪುಲ್ಲಿಂಗ ರೂಪ ಉಂಟು, ಬಳಕೆ ಅಪರೂಪ.
• ಡಿವೋರ್ಸಿ: ಎರಡು ‘ಇ’ ರೂಪವೇ ಈಗ ಇಬ್ಬರಿಗೂ ಸಾಮಾನ್ಯ.
• ಎಂಪ್ಲಾಯಿ: ಎರಡು ‘ಇ’ ಇದ್ದರೂ ಲಿಂಗಕ್ಕೆ ಸಂಬಂಧವಿಲ್ಲ.

6. ಲಿಂಗಭೇದವಿಲ್ಲದ ಅಚ್ಚ ಇಂಗ್ಲಿಷ್ ಪರ್ಯಾಯ: ಬಿಟ್ರೋದ್ಡ್.