ದೊಡ್ಡ ಪೋಸ್ಟರ್‌ಗೆ ಕೈಹಾಕುವ ಮುನ್ನ

ರಾಜ್ಯೋತ್ಸವಕ್ಕೋ ಶಾಲೆಯ ವಾರ್ಷಿಕೋತ್ಸವಕ್ಕೋ ದೊಡ್ಡ ಪೋಸ್ಟರ್ ಬೇಕೆಂದರೆ ಬಹಳ ಮಂದಿ ದಿನವೂ ಬಳಸುವ ಮೈಕ್ರೋಸಾಫ್ಟ್ ವರ್ಡ್‌ನಲ್ಲೇ ಶುರುಮಾಡುತ್ತಾರೆ. ಖಂಡಿತ ಮಾಡಿ. ಆದರೆ ಒಂದು ವಿಷಯ ಮೊದಲೇ ಗೊತ್ತಿರಲಿ: ವರ್ಡ್‌ನಲ್ಲಿ ಪುಟದ ಉದ್ದವಾಗಲಿ ಅಗಲವಾಗಲಿ 22 ಇಂಚು, ಅಂದರೆ 55.88 ಸೆಂ.ಮೀ. ದಾಟುವಂತಿಲ್ಲ. ಎ3 ಸಲೀಸಾಗಿ ಹಿಡಿಯುತ್ತದೆ. ಎ2 ಹಾಳೆಯ ಉದ್ದ 59.4 ಸೆಂ.ಮೀ.; ಬರೀ ಮೂರೂವರೆ ಸೆಂಟಿಮೀಟರ್‌ನಿಂದ ತಪ್ಪಿಹೋಗುತ್ತದೆ.

ಅದಕ್ಕಾಗಿ ಬೇರೆ ತಂತ್ರಾಂಶ ಹುಡುಕಬೇಕಿಲ್ಲ. ಎ4 ಹಾಳೆಯ ಎರಡೂ ಬದಿ ಇಮ್ಮಡಿಯಾದರೆ ಎ2. ಎ4ನಲ್ಲೇ ವಿನ್ಯಾಸ ಮಾಡಿ ಪಿಡಿಎಫ್ ಕೊಡಿ, ಶೇ. 200ಕ್ಕೆ ಹಿಗ್ಗಿಸಲು ಪ್ರೆಸ್ಸಿನವರಿಗೆ ಹೇಳಿ. ಆರು ಅಡಿ ಉದ್ದ, ಮೂರು ಅಡಿ ಎತ್ತರದ ಬ್ಯಾನರ್ ಆದರೆ 18 ಇಂಚು, 9 ಇಂಚಿನ ಪುಟ ಸಾಕು. ನಾಲ್ಕು ಪಟ್ಟು ಎಂದು ಬರೆದುಕೊಡಿ.

ಅಕ್ಷರಗಳು ಎಷ್ಟು ಹಿಗ್ಗಿದರೂ ಅಂಚು ಕೆಡುವುದಿಲ್ಲ, ಫೋಟೊ ಹಾಗಲ್ಲ. ವಾಟ್ಸಾಪ್‌ನಲ್ಲಿ ಬಂದ ಅತಿಥಿಗಳ ಚಿತ್ರ ಬ್ಯಾನರಿನಲ್ಲಿ ಮಸುಕಾಗುತ್ತದೆ. ಮೂಲ ಫೈಲನ್ನೇ ಇಮೇಲ್‌ನಲ್ಲಿ ತರಿಸಿಕೊಳ್ಳಿ. ಸೇವ್ ಮಾಡುವಾಗ ವರ್ಡ್ ಕೂಡ ಚಿತ್ರವನ್ನು ಕುಗ್ಗಿಸುತ್ತದೆ. ಆಪ್ಷನ್ಸ್‌ನ ಅಡ್ವಾನ್ಸ್ಡ್ ವಿಭಾಗಕ್ಕೆ ಹೋಗಿ, ಚಿತ್ರಗಳನ್ನು ಕುಗ್ಗಿಸಬೇಡ ಎನ್ನುವ ಆಯ್ಕೆಗೆ ಟಿಕ್ ಹಾಕಿ. ಇದನ್ನು ಚಿತ್ರ ಸೇರಿಸುವ ಮೊದಲೇ ಮಾಡಬೇಕು.

ಕನ್ನಡದಲ್ಲಿ ಮಾಡುವವರಿಗಂತೂ ಪಿಡಿಎಫ್ ಬೇಕೇ ಬೇಕು. ಹಳೆಯ ನುಡಿ ಫಾಂಟಿನ ವರ್ಡ್ ಫೈಲನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣಿಸುತ್ತದೆ. ಪಿಡಿಎಫ್ ಆದಮೇಲೆ ಪರದೆಯಲ್ಲಿ ಶೇ. 400ಕ್ಕೆ ಹಿಗ್ಗಿಸಿ, ಒತ್ತಕ್ಷರಗಳನ್ನೂ ಹೆಸರುಗಳನ್ನೂ ಒಂದೊಂದಾಗಿ ನೋಡಿ, ಆಮೇಲೆ ಕಳಿಸಿ.