ಮುಕ್ತ ಆಕರಗಳ ಶೋಧ: ವಾಶಿಯ ಸೇತುವೆಗಳಿಂದ ಒಂದು ಪಾಠ

ಯುದ್ಧದ ಸುದ್ದಿಯೊಡನೆ ಇಂದು ಯುದ್ಧದ ಚಿತ್ರಗಳೂ ಕ್ಷಣಮಾತ್ರದಲ್ಲಿ ಎಲ್ಲೆಡೆ ಹರಡುತ್ತವೆ. ಅವುಗಳಲ್ಲಿ ನಿಜವಾದವೂ ಉಂಟು. ಬೇರೆ ಕಾಲದ, ಬೇರೆ ದೇಶದ ಚಿತ್ರಕ್ಕೆ ಹೊಸ ವಿವರಣೆ ಅಂಟಿಸಿದವೂ ಉಂಟು. ಸಾರ್ವಜನಿಕವಾಗಿ ದೊರೆಯುವ ಛಾಯಾಚಿತ್ರ, ವೀಡಿಯೊ, ಉಪಗ್ರಹಚಿತ್ರ, ಭೂಪಟಗಳನ್ನು ಒಂದರೊಡನೊಂದು ತಾಳೆ ನೋಡಿ ಘಟನೆಯ ಸ್ಥಳ, ಕಾಲಗಳನ್ನು ನಿರ್ಣಯಿಸುವ ಕ್ರಮವನ್ನು ‘ಮುಕ್ತ ಆಕರಗಳ ಶೋಧ’ ಎನ್ನಬಹುದು. ಗೂಢಚಾರರ ವೃತ್ತಿಯಂತೆ ತೋರುವ ಈ ಕೆಲಸ ಈಗ ವಿದ್ಯಾರ್ಥಿಗಳ ವ್ಯಾಸಂಗವೂ ಆಗಿದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾನವ ಹಕ್ಕುಗಳ ಕೇಂದ್ರವು 2016ರಲ್ಲಿ ವಿದ್ಯಾರ್ಥಿಗಳಿಗಾಗಿ ಇಂಥ ಪ್ರಯೋಗಶಾಲೆಯನ್ನು ಆರಂಭಿಸಿತು.

ಕನ್ನಡ ವಿದ್ಯಾರ್ಥಿಗೆ ಈ ವಿಧಾನ ತೀರ ಹೊಸದಲ್ಲ. ಕಾಲೋಲ್ಲೇಖವಿಲ್ಲದ ಹಲ್ಮಿಡಿ ಶಾಸನವನ್ನು ವಿದ್ವಾಂಸರು ಲಿಪಿ, ಭಾಷೆ ಮತ್ತು ಅದರಲ್ಲಿ ಬರುವ ಹೆಸರುಗಳ ಆಧಾರದಿಂದ ಸುಮಾರು ಕ್ರಿ.ಶ. 450ರದೆಂದು ಗ್ರಹಿಸಿದರು. ಗ್ರಂಥಸಂಪಾದನೆಯಲ್ಲಿ ಒಂದೇ ಮೂಲಪ್ರತಿಯಿಂದ ಇಳಿದ ಹತ್ತು ಪ್ರತಿಗಳು ಹತ್ತು ಸಾಕ್ಷಿಗಳೆನಿಸುವುದಿಲ್ಲ. ಹಾಗೆಯೇ ಒಂದು ವೀಡಿಯೊವನ್ನು ಸಾವಿರ ಮಂದಿ ಹಂಚಿದರೂ ಸಾಕ್ಷಿ ಒಂದೇ.

ಈ ಕ್ರಮವನ್ನು ಕಲಿಯಲು ರಣರಂಗಕ್ಕೆ ಹೋಗಬೇಕಿಲ್ಲ. ವಾಶಿಯ ಖಾಡಿಯ ದಂಡೆಯೇ ಸಾಕು. ಮುಂಬಯಿಯನ್ನು ವಾಶಿಗೆ ಜೋಡಿಸಿದ ಮೊದಲ ರಸ್ತೆ ಸೇತುವೆ 1973ರಲ್ಲಿ ಬಳಕೆಗೆ ಬಂದಿತು. ಮಾನ್‌ಖುರ್ದ್–ವಾಶಿ ರೈಲುಮಾರ್ಗ 1992ರಲ್ಲಿ, ಎರಡನೆಯ ರಸ್ತೆ ಸೇತುವೆ 1997ರಲ್ಲಿ ತೆರೆದವು. ಆದುದರಿಂದ ಓಡುವ ರೈಲಿದ್ದು ಒಂದೇ ರಸ್ತೆ ಸೇತುವೆ ಇರುವ ಚಿತ್ರ ಈ ಎರಡು ವರ್ಷಗಳ ನಡುವಿನದೆಂದು ಊಹಿಸಬಹುದು. ಆದರೆ ಎರಡನೆಯ ಸೇತುವೆ ಚಿತ್ರದ ಚೌಕಟ್ಟಿನಿಂದ ಹೊರಗುಳಿದಿರಲೂಬಹುದು. ಕಾಣಲೇಬೇಕಾದ ಸ್ಥಳ ಚಿತ್ರದಲ್ಲಿದ್ದು ವಸ್ತು ಕಾಣದಿದ್ದಾಗ ಮಾತ್ರ ಅದರ ಅಭಾವವು ಪ್ರಮಾಣವಾಗುತ್ತದೆ.

ಇಂಥ ಎಚ್ಚರದ ಬೆಲೆ ದೊಡ್ಡ ಪ್ರಕರಣಗಳಲ್ಲಿ ತಿಳಿಯುತ್ತದೆ. 2014ರ ಜುಲೈ 17ರಂದು ಪೂರ್ವ ಯುಕ್ರೇನಿನ ಮೇಲೆ ಹಾರುತ್ತಿದ್ದ ಮಲೇಶಿಯಾದ ವಿಮಾನ ಕ್ಷಿಪಣಿಗೆ ತುತ್ತಾಗಿ 298 ಜನ ಸತ್ತರು. ಆ ತಿಂಗಳಲ್ಲೇ ಆರಂಭವಾಗಿದ್ದ ‘ಬೆಲ್ಲಿಂಗ್‌ಕ್ಯಾಟ್’ ತಂಡದ ಶೋಧಕರು ದಾರಿಹೋಕರು ತೆಗೆದ ಚಿತ್ರಗಳಲ್ಲಿನ ಮರ, ಕಟ್ಟಡ, ರಸ್ತೆಗಳನ್ನು ಹೋಲಿಸಿ ಕ್ಷಿಪಣಿವಾಹನ ಸಾಗಿದ ದಾರಿಯನ್ನು ಗುರುತಿಸಿದರು. 2022ರ ನವೆಂಬರ್ 17ರಂದು ನೆದರ್ಲೆಂಡ್ಸಿನ ನ್ಯಾಯಾಲಯವು ವಿವಿಧ ಬಗೆಯ ಸಾಕ್ಷ್ಯಗಳನ್ನು ಪರಿಶೀಲಿಸಿ ಮೂವರನ್ನು ಅಪರಾಧಿಗಳೆಂದು ಸಾರಿತು. ನಾಲ್ಕನೆಯವನನ್ನು ಸಾಕಷ್ಟು ಪುರಾವೆಯಿಲ್ಲವೆಂದು ಬಿಡುಗಡೆ ಮಾಡಿತು. ಕ್ಷಿಪಣಿ ಎಲ್ಲಿಂದ ಹಾರಿತೆಂಬುದು ಒಂದು ನಿರ್ಣಯ. ಅದಕ್ಕೆ ಯಾರು ಹೊಣೆಯೆಂಬುದು ಮತ್ತೊಂದು. ಮೊದಲನೆಯದು ಸಿದ್ಧವಾದೊಡನೆ ಎರಡನೆಯದೂ ಸಿದ್ಧವಾಯಿತೆಂದು ಭಾವಿಸಬಾರದು.

ಶಾಸನದ ಕಾಲನಿರ್ಣಯದಲ್ಲಿ ತಪ್ಪಿದರೆ ಮುಂದಿನ ವಿದ್ವಾಂಸ ತಿದ್ದಬಹುದು. ಯುದ್ಧದ ಚಿತ್ರವೊಂದನ್ನು ತಪ್ಪಾಗಿ ಓದಿದರೆ ನಿರಪರಾಧಿಯ ಮೇಲೆ ಕೊಲೆಯ ಆರೋಪ ಬರಬಹುದು. ಆದಕಾರಣ ಈ ಶಾಸ್ತ್ರದ ಅಭ್ಯಾಸಿಗೆ ಉಪಕರಣಗಳ ಪರಿಚಯಕ್ಕಿಂತ ಮೊದಲು ಬೇಕಾದುದು ಆಧಾರವಿರುವಷ್ಟನ್ನೇ ಹೇಳುವ ಸಂಯಮ. ಕನ್ನಡ ಸಂಶೋಧನೆಯ ಶಿಸ್ತು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.